ಅಂಟುಗಿಡಕ್ಕೆ ಕಟ್ಟಿದ ಮಣ್ಣುದಾರಿ

ಕಾಡು ಅಂದ ತಕ್ಷಣ ಎಲ್ಲರೂ ಹುಲಿ ಎಲ್ಲಿ, ಆನೆ ಎಲ್ಲಿ ಅಂತ ಕತ್ತು ಚಾಚುತ್ತಾರೆ. ಈ ಕತೆಯಲ್ಲಿ ಅವರಿಬ್ಬರೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ಕುರುಚಲು ಕಾಡಿನಲ್ಲಿ, ಬಂಡೆಯ ಪಕ್ಕದಲ್ಲಿ, ನಿಮ್ಮ ಮೊಣಕಾಲಿನಷ್ಟು ಎತ್ತರದ ಒಂದು ಗಿಡ ಇತ್ತು. ಅಷ್ಟೇ. ಇಡೀ ಕತೆ ಆ ಗಿಡದ ಮೇಲೆಯೇ ನಡೆದದ್ದು. ಬೇಡ ಅನ್ನುವವರು ಈಗಲೇ ಎದ್ದು ಹೋಗಬಹುದು.

ಯಾರೂ ಏಳಲಿಲ್ಲವಲ್ಲ? ಸರಿ, ಕೇಳಿ.

ಆ ಗಿಡದ ನಿಜವಾದ ಹೆಸರು ಏನೋ ನನಗೆ ಗೊತ್ತಿಲ್ಲ. ಅಲ್ಲಿನ ಹುಳುಹುಪ್ಪಟೆಗಳು ಅದನ್ನು ಅಂಟುಗಿಡ ಅಂತ ಕರೆಯುತ್ತಿದ್ದವು. ದೂರದಿಂದ ನೋಡಿದರೆ ಏನೂ ವಿಶೇಷ ಇಲ್ಲ. ಹತ್ತಿರ ಹೋಗಿ, ಬಗ್ಗಿ, ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಬೇಕು. ಆಹಾ! ಎಲೆಯ ತುಂಬಾ ಸಣ್ಣ ಸಣ್ಣ ಕೂದಲು. ಕೂದಲು ಅಂತ ಮೂಗು ಮುರಿಯಬೇಡಿ. ಗುಂಡುಸೂಜಿ ನೋಡಿದ್ದೀರಲ್ಲ, ಥೇಟ್ ಹಾಗೆ. ಕೆಳಗೆ ತೆಳ್ಳಗಿನ ಕಾಲು, ಮೇಲೆ ಗುಂಡು ತಲೆ, ತಲೆಯ ಮೇಲೆ ಹೊಳೆಯುವ ಒಂದು ಹನಿ. ಆ ತಲೆಯೇ ಗಿಡದ ಅಡುಗೆಮನೆ. ಅಂಟು ಅಲ್ಲೇ ತಯಾರಾಗುತ್ತದೆ. ತಲೆಗೆ ಸುತ್ತಿಕೊಂಡಿರುವ ತೆಳು ಸಿಪ್ಪೆಯ ಅಡಿಯಲ್ಲಿ ತುಂಬಿಕೊಳ್ಳುತ್ತದೆ. ಸಿಪ್ಪೆ ಪೂರಿಯ ಹಾಗೆ ಉಬ್ಬುತ್ತದೆ. ಆಮೇಲೆ ಅಂಟು ಮೆಲ್ಲಗೆ ಹೊರಗೆ ಜಿನುಗಿ ಹನಿಯಾಗಿ ನಿಲ್ಲುತ್ತದೆ. ಗಾಳಿ ಬೀಸಿದರೂ ಆ ಹನಿ ಬೀಳುವುದಿಲ್ಲ.

ದೊಡ್ಡಪತ್ರೆ ಎಲೆ ಕಿವುಚಿದರೆ ಕೈಯೆಲ್ಲ ಘಮ್ ಅನ್ನುತ್ತದಲ್ಲ, ಅದೂ ಇಂಥ ಕೂದಲುಗಳದೇ ಕೆಲಸ. ಆದರೆ ಅಂಟುಗಿಡದ ಹನಿಗೆ ವಾಸನೆ ಇರಲಿಲ್ಲ. ನಾಲಿಗೆಗೆ ತುಸು ಸಿಹಿ, ಕಾಲಿಗೆ ಮಾತ್ರ ಭಾರಿ ಅಂಟು. ಅದರ ಮೇಲೆ ಕೂತ ಸೊಳ್ಳೆ ಕೂತಲ್ಲೇ ಉಳಿಯುತ್ತಿತ್ತು. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಕೂಗಲು ಬಾಯಿಲ್ಲ. ಆದರೂ ಆ ಪುಟ್ಟ ಗಿಡ ತನ್ನ ಮೈ ತುಂಬಾ ಇಷ್ಟೊಂದು ಕಾವಲು ಇಟ್ಟುಕೊಂಡಿತ್ತು. ಭೇಷ್ ಅನ್ನಬೇಕೋ ಬೇಡವೋ ನೀವೇ ಹೇಳಿ.

ಆ ಗಿಡದ ತುದಿಯಲ್ಲಿ ಪಚ್ಚಕ್ಕ ಅನ್ನುವ ಹಸಿರು ಜೇಡ ಇದ್ದಳು. ಉದ್ದುದ್ದ ಕಾಲಿನವಳು. ಮೈಯನ್ನು ಮೇಲೆತ್ತಿಕೊಂಡು, ಉಗುರ ತುದಿಯಲ್ಲಿ, ಕೂದಲುಗಳ ಸಂದಿ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದಳು. ಅಂಟು ಅವಳಿಗೆ ತಾಗುತ್ತಲೇ ಇರಲಿಲ್ಲ. ಅಂಟಿಗೆ ಸಿಕ್ಕಿದ ಸೊಳ್ಳೆ ನೊಣ ಅವಳ ಊಟ. ಎಲೆ ತಿನ್ನಲು ಬಂದ ಹುಳುವನ್ನು ಓಡಿಸುವುದು ಅವಳ ಕೆಲಸ. ಗಿಡಕ್ಕೂ ಅವಳಿಗೂ ಹೀಗೆ ಚೆನ್ನಾಗಿ ನಡೆದುಕೊಂಡು ಹೋಗುತ್ತಿತ್ತು.

ಈಚೆಗೆ ಪಚ್ಚಕ್ಕ ತುದಿಯ ಎಲೆ ಬಿಟ್ಟು ಕದಲುತ್ತಿರಲಿಲ್ಲ. ಎಲೆಯ ಅಡಿಯಲ್ಲಿ ರೇಷ್ಮೆಯ ಚೀಲ ನೇಯ್ದು, ಅದರೊಳಗೆ ಮೊಟ್ಟೆ ಇಟ್ಟಿದ್ದಳು. ಚೀಲ ಗಟ್ಟಿ. ಮರಿಗಳಿಗೆ ಅದನ್ನು ಹರಿಯುವ ಶಕ್ತಿ ಇರುವುದಿಲ್ಲ. ಹೊತ್ತು ಬಂದಾಗ ತಾಯಿಯೇ ಹಲ್ಲು ಹಾಕಿ ಹರಿದು ಕೊಡಬೇಕು. ತಾಯಿ ಇಲ್ಲದಿದ್ದರೆ ಮರಿಗಳು ಒಳಗೇ ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಅವಳು ಚೀಲವನ್ನು ತಬ್ಬಿಕೊಂಡೇ ಕೂತಿದ್ದಳು. ಒಳಗೆ ಮರಿಗಳು ಮಿಸುಕಾಡುವುದು ಅವಳ ಕಾಲಿಗೆ ಆಗಲೇ ತಿಳಿಯುತ್ತಿತ್ತು.

ಕೆಳಗಿನ ಎಲೆಯೊಂದರ ಹಿಂಭಾಗದಲ್ಲಿ ಒಬ್ಬ ಕಳ್ಳ ಬಿಡಾರ ಹೂಡಿದ್ದ. ಹೆಸರು ನುಣ್ಣಪ್ಪ. ಎಲೆಹುಳು. ಮೈ ನುಣ್ಣಗೆ, ಮಾತು ಅದಕ್ಕಿಂತ ನುಣ್ಣಗೆ. ಇಷ್ಟು ಅಂಟಿನ ಮಧ್ಯೆ ಇವನು ಬದುಕಿದ್ದು ಹೇಗೆ ಅಂತೀರಾ? ಅವನಿಗೆ ಒಂದು ಉಪಾಯ ಗೊತ್ತಿತ್ತು. ಮೊದಲು ಕೂದಲಿನ ತಲೆಯ ಮೇಲಿನ ಹನಿಯನ್ನು ನೆಕ್ಕುವುದು. ಸಿಹಿ! ಆಮೇಲೆ ಬೋಳು ಕೂದಲನ್ನು ಬುಡಕ್ಕೇ ಕತ್ತರಿಸುವುದು. ಆಮೇಲೆ ಅಲ್ಲಿ ಕಾಲೂರಿ ಎಲೆ ಮೇಯುವುದು. ಮುಂದಿನ ಹೆಜ್ಜೆಗೆ ಮತ್ತೆ ಅದೇ.

"ಹಾಕಿದ್ದಾರೆ ಅಂಟು, ನೆಕ್ಕೋಕೆ ನಾನಿಲ್ವಾ! ಬೆಲ್ಲ ಇಟ್ಟು ಬಾಗಿಲು ಕಾಯೋ ಗಿಡ ಎಲ್ಲಾದರೂ ಉಂಟಾ?" ಅಂತ ತನ್ನಷ್ಟಕ್ಕೆ ತಾನೇ ನಗುತ್ತಿದ್ದ.

ಇನ್ನೊಂದು ವಿದ್ಯೆಯೂ ಅವನಿಗೆ ಕರಗತವಾಗಿತ್ತು. ಅವನ ವಂಶದವರು ಹಿಕ್ಕೆಯನ್ನು ಕೂತ ಜಾಗದಲ್ಲಿ ಬಿಡುವುದಿಲ್ಲ. ಬಾಲ ಎತ್ತಿ ದೂರಕ್ಕೆ ಚಿಮ್ಮಿಸುತ್ತಾರೆ. ತಮ್ಮ ಮನೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಬಾರದು ನೋಡಿ. ಮುಖ ಮುಚ್ಚಿಕೊಂಡು ಯಾಕೆ ನಗುತ್ತೀರಿ? ಇದ್ದದ್ದನ್ನು ಹೇಳಿದೆ.

ನುಣ್ಣಪ್ಪನ ಕಣ್ಣೆಲ್ಲ ತುದಿಯ ಚಿಗುರಿನ ಮೇಲೆ. ಎಳೆ ಎಲೆ, ಎಳೆ ಮೊಗ್ಗು. ನೆನೆಸಿಕೊಂಡರೆ ಬಾಯಲ್ಲಿ ನೀರೂರುತ್ತಿತ್ತು. ಒಂದು ಬೆಳಿಗ್ಗೆ ಮೆಲ್ಲಗೆ ನೆಕ್ಕಿಕೊಂಡು ನೆಕ್ಕಿಕೊಂಡು ಮೇಲೆ ಹೋದ.

"ಯಾರದು?" ಅಂದಳು ಪಚ್ಚಕ್ಕ, ಮುಂಗಾಲು ಎತ್ತಿ.

"ನಾನೇ ಅಕ್ಕಾ, ಕೆಳಗಿನ ಮನೆಯವನು. ಬಾಣಂತಿ ಆಗೋಳು, ಹೇಗಿದ್ದೀಯ ಅಂತ ವಿಚಾರಿಸ್ಕೊಂಡು ಹೋಗೋಣ ಅಂತ..."

"ವಿಚಾರಿಸೋದಕ್ಕೆ ಬಂದೋನ ಬಾಯಲ್ಲಿ ಎಲೆ ಯಾಕಪ್ಪಾ? ಇನ್ನೊಂದು ಹೆಜ್ಜೆ ಮೇಲೆ ಬಂದರೆ ಹಲ್ಲು ಇಳಿಸ್ತೀನಿ. ನಡಿ ಕೆಳಗೆ!"

ನುಣ್ಣಪ್ಪ ಬಂದ ದಾರಿಯಲ್ಲೇ ಜಾರಿಕೊಂಡ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಇವಳು ಇರುವವರೆಗೆ ಚಿಗುರು ತನಗಿಲ್ಲ. ಇವಳನ್ನು ಓಡಿಸಬೇಕು. ತಾನು ಓಡಿಸಲಾರ. ಓಡಿಸುವವರನ್ನು ಹುಡುಕಬೇಕು ಅಂದುಕೊಂಡ.

ಗಿಡದ ಬುಡದಲ್ಲಿ ಕೆಂಪಿರುವೆಗಳ ಗೂಡು ಇತ್ತು. ಯಜಮಾನಿ ಕೆಂಚವ್ವ. ಗಿಡದಿಂದ ಬೀಜ ಉದುರಿದರೆ ಆಯ್ದುಕೊಂಡು ಗೂಡಿಗೆ ಸಾಗಿಸುವುದು ಅವರ ಕಸುಬು. ಮಳೆಗಾಲಕ್ಕೆಲ್ಲ ಅದೇ ಅನ್ನ. ಹಾಗೆಂದು ಅವರು ಗಿಡ ಹತ್ತುತ್ತಿರಲಿಲ್ಲ. ಅಂಟು ಬಿಡಬೇಕಲ್ಲ! ಹತ್ತಲು ಹೋದ ಇರುವೆ ಮೊದಲ ಗೇಣಿನಲ್ಲೇ ಸಿಕ್ಕಿಕೊಂಡು ಕಾಲು ಬಡಿಯುತ್ತಿತ್ತು.

ನುಣ್ಣಪ್ಪ ಕೆಳಗಿನ ಎಲೆಯ ಅಂಚಿಗೆ ಬಂದು ಇಣುಕಿದ.

"ಕೆಂಚವ್ವನೋರೇ, ಶರಣು. ಹೇಳಬಾರದು ಅಂತಿದ್ದೆ. ಆದರೆ ಮನಸ್ಸು ತಡೀಲಿಲ್ಲ."

"ಏನಯ್ಯ ಅದು? ಬೇಗ ಹೇಳು, ಕೆಲಸ ಇದೆ," ಅಂದಳು ಕೆಂಚವ್ವ.

"ಗಿಡ ನೋಡಿದಿರಾ? ಎಲೆಯೆಲ್ಲ ತೂತು. ಎಲೆ ಹೋದ ಮೇಲೆ ಹೂವೆಲ್ಲಿ, ಬೀಜ ಎಲ್ಲಿ? ನಿಮ್ಮ ಮಕ್ಕಳಿಗೆ ಮಳೆಗಾಲಕ್ಕೆ ಏನು ಹಾಕ್ತೀರಿ?"

ಕೆಂಚವ್ವ ತಲೆ ಎತ್ತಿ ನೋಡಿದಳು. ಹೌದು, ಎಲೆಗಳಲ್ಲಿ ತೂತು. "ಯಾರು ಮಾಡಿದ್ದು?"

"ನಾನು ಒಣಗಿದ ಎಲೆ ಬಿಟ್ಟು ಬೇರೆ ಮುಟ್ಟೋನಲ್ಲ, ಉಳಿದದ್ದು ನನ್ನ ಬಾಯಿಂದ ಯಾಕೆ ಹೇಳಿಸ್ತೀರಿ. ತುದೀಲಿ ಕೂತಿದ್ದಾಳಲ್ಲ, ಅವಳನ್ನೇ ಕೇಳಿ. ಬಾಣಂತಿ ಹಸಿವು ಕಣವ್ವಾ. ಸೊಳ್ಳೆ ತಿಂದರೆ ತುಂಬುತ್ತಾ?"

"ಜೇಡ ಎಲೆ ತಿನ್ನೋದು ಎಲ್ಲಾದರೂ ಉಂಟಾ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ನಾಳೆ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಅವಳ ಮನೆ ಸುತ್ತ ನೋಡಿ. ಎಲೆ ತಿಂದ ಹಿಕ್ಕೆ ಕಂಡರೆ ಆಮೇಲೆ ಮಾತಾಡೋಣ."

ಅಷ್ಟು ಹೇಳಿ ನುಣ್ಣಪ್ಪ ಒಳಗೆ ಸರಿದ. ಸಂಜೆಯವರೆಗೂ ಹೊಟ್ಟೆ ಬಿರಿಯುವಷ್ಟು ಮೇಯ್ದ. ಆಮೇಲೆ ಬಾಲ ಎತ್ತಿ ಗುರಿ ಇಟ್ಟು ಪಚ್ಚಕ್ಕನ ಎಲೆಯ ಕಡೆಗೇ ಹಿಕ್ಕೆ ಚಿಮ್ಮಿಸಿದ. ಟಪ್, ಟಪ್, ಟಪ್. ಅಲ್ಲಿನ ಅಂಟಿಗೆ ಕರಿ ಕಾಳುಗಳ ಹಾಗೆ ಅಂಟಿಕೊಂಡವು. ಪಚ್ಚಕ್ಕ ನೋಡಿದಳು. ಗಾಳಿಗೆ ಬಂದ ಕಸ ಅಂದುಕೊಂಡಳು. ಅವಳ ಜೀವವೆಲ್ಲ ಚೀಲದಲ್ಲಿ ಇತ್ತು, ಕಸ ಗುಡಿಸಲು ಪುರುಸೊತ್ತೆಲ್ಲಿ.

ಬೆಳಗಾಯಿತು. ಕೆಂಚವ್ವ ಬಂಡೆ ಹತ್ತಿ ನೋಡಿದಳು. ಜೇಡನ ಮನೆಯ ಸುತ್ತ ಕರಿ ಹಿಕ್ಕೆ! ಅವಳ ಸಿಟ್ಟು ನೆತ್ತಿಗೇರಿತು. ವಿಚಾರಿಸಲಿಲ್ಲ, ಕೇಳಲಿಲ್ಲ. ಗೂಡಿಗೆ ಬಂದವಳೇ ಕೂಗಿದಳು.

"ಎಲ್ಲರೂ ಹೊರಗೆ ಬನ್ನಿ! ಮಣ್ಣು ಹೊರಿ!"

ಈಗ ಇರುವೆಗಳ ಬುದ್ಧಿ ನೋಡಿ. ಅಂಟಿನ ಮೇಲೆ ನಡೆಯಲಾಗದು, ಸರಿ. ಅಂಟಿನ ಮೇಲೆ ಮಣ್ಣು ಹಾಕಿದರೆ? ಒಂದೊಂದು ಇರುವೆಯೂ ಒಂದೊಂದು ಮಣ್ಣಿನ ಕಣ ಕಚ್ಚಿಕೊಂಡು ಬಂತು. ಕಾಂಡದ ಬುಡದ ಕೂದಲಿನ ಮೇಲೆ ಇಟ್ಟಿತು. ಮಣ್ಣು ಅಂಟಿಕೊಂಡಿತು, ಅಂಟು ಮುಚ್ಚಿತು. ಹಿಂದಿನ ಇರುವೆ ಅದರ ಮೇಲೆ ಹತ್ತಿ ಮುಂದಿನ ಕಣ ಇಟ್ಟಿತು. ಹೀಗೆ ಕಾಂಡದ ಮೇಲೆ ಸಣ್ಣದೊಂದು ಮಣ್ಣುದಾರಿ ಏರತೊಡಗಿತು. ಅವರ ಕೆಲಸಕ್ಕೂ ಕೈ ಮುಗಿಯಬೇಕು ಬಿಡಿ. ಯಾರ ಮಾತು ಕೇಳಿ ಆ ಕೆಲಸಕ್ಕೆ ಇಳಿದರು ಅನ್ನುವುದೇ ದುಃಖ.

ದಾರಿ ಏರುವುದನ್ನು ಪಚ್ಚಕ್ಕ ಮೇಲಿಂದ ಕಂಡಳು.

"ಕೆಂಚವ್ವಾ, ಇದೇನು? ಯಾಕೆ ಬರ್ತಿದ್ದೀರಿ?"

"ಗಿಡ ತಿಂದು ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲ, ಅದಕ್ಕೆ! ನಿನ್ನ ಚೀಲದ ನೂಲು ಕಡಿದು ಬಂಡೆ ಮೇಲೆ ಹಾಕ್ತೀವಿ. ಬಿಸಿಲಲ್ಲಿ ಒಣಗಲಿ. ಆಗ ನೀನೇ ಗಿಡ ಬಿಟ್ಟು ಹೋಗ್ತೀಯ."

"ಅಯ್ಯೋ, ನಾನು ಎಲೆ ತಿನ್ನೋದಾ? ನನಗೆ ಅಗಿಯೋ ಹಲ್ಲೇ ಇಲ್ಲ ಕಣವ್ವಾ! ನನ್ನದೇನಿದ್ದರೂ ಹೀರೋ ಬಾಯಿ! ಎಲೆ ತಿನ್ನೋನು ಆ ಕೆಳಗಿನ ಮನೆ ಹುಳು!"

"ಕಳ್ಳರೆಲ್ಲ ಹೀಗೇ ಹೇಳೋದು," ಅಂದ ನುಣ್ಣಪ್ಪ ಎಲೆಯ ಮರೆಯಿಂದ.

ಮಣ್ಣುದಾರಿ ಮೊದಲ ಎಲೆ ದಾಟಿತು. ನಡುವಿನ ಎಲೆ ದಾಟಿತು. ಪಚ್ಚಕ್ಕ ಓಡಿಹೋಗಬಹುದಿತ್ತು. ಅವಳಿಗೆ ನೆಗೆಯಲು ಬರುತ್ತಿತ್ತು, ಪಕ್ಕದ ಪೊದೆ ಹತ್ತಿರವೇ ಇತ್ತು. ಆದರೆ ಚೀಲವನ್ನು ಗಟ್ಟಿಯಾಗಿ ಎಲೆಗೆ ಹೊಲಿದಿದ್ದಳು. ಬಿಚ್ಚಿ ಹೊತ್ತುಕೊಂಡು ಹೋಗಲು ಹೊತ್ತಿಲ್ಲ. ಹರಿದು ಮರಿಗಳನ್ನು ಬಿಡೋಣ ಅಂದರೆ ಅವು ಇನ್ನೂ ಪೂರ್ತಿ ಬಲಿತಿಲ್ಲ, ಇನ್ನೊಂದು ದಿನವಾದರೂ ಬೇಕು. ಅವಳಿಗೆ ಅಳು ಬಂತು. ಅಳುತ್ತಲೇ ಚೀಲದ ಮೇಲೆ ಮೈ ಹರಡಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ದಾರಿ ತುದಿಯ ಎಲೆ ಮುಟ್ಟಿತು. ಮುಂದೆ ಕೆಂಚವ್ವ, ಹಿಂದೆ ಸಾಲು ಸಾಲು ಇರುವೆ. ಪಚ್ಚಕ್ಕ ಕಾಲು ಮಡಚಿ ತಲೆ ತಗ್ಗಿಸಿದಳು.

"ಅವ್ವಾ, ನಾನು ಕಚ್ಚಲ್ಲ, ನಿಮ್ಮ ಮೇಲೆ ಬೀಳಲ್ಲ. ಒಂದೇ ಒಂದು ದಿನ ಕೊಡಿ. ನಾಳೆ ಚೀಲ ಹರಿದು ಮರಿಗಳನ್ನು ಹೊರಗೆ ಬಿಡ್ತೀನಿ. ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿ."

ಕೆಂಚವ್ವ ಚೀಲವನ್ನು ನೋಡಿದಳು. ಅವಳೂ ಮಕ್ಕಳೊಂದಿಗಳು. ಕೋಪ ತುಸು ಇಳಿಯಿತು. ಆದರೆ ಹಿಕ್ಕೆ ಕಣ್ಣೆದುರೇ ಇತ್ತಲ್ಲ. ಬಾಯಿ ತೆರೆದು ನೂಲಿನ ಹತ್ತಿರ ಹೋದಳು.

ಇರುವೆಗಳಲ್ಲಿ ಒಂದು ಪದ್ಧತಿ ಉಂಟು. ಮೀಸೆ ಆಡಿಸಿ ಮೂಸಿ ನೋಡದೆ ಇರುವೆ ಯಾವುದಕ್ಕೂ ಬಾಯಿ ಹಾಕುವುದಿಲ್ಲ. ಕೆಂಚವ್ವ ಎಷ್ಟೇ ಸಿಟ್ಟಿನಲ್ಲಿದ್ದರೂ ಮೀಸೆ ತನ್ನಷ್ಟಕ್ಕೆ ತಾನೇ ಆಡಿತು. ನೂಲಿನ ಪಕ್ಕದಲ್ಲಿದ್ದ ಹಿಕ್ಕೆಗೆ ತಾಗಿತು. ಅವಳು ಥಟ್ಟನೆ ನಿಂತಳು.

"ಥೂ! ಇದೇನು ಹುಳಿ ವಾಸನೆ! ಕೆಟ್ಟ ಮೊಸರಿನ ಹಾಗೆ!"

ಪಚ್ಚಕ್ಕನ ಬಾಯಿಗೆ ಮೀಸೆ ಚಾಚಿದಳು. ಆ ವಾಸನೆ ಇಲ್ಲ. ಹೊಟ್ಟೆಗೆ ಚಾಚಿದಳು. ಇಲ್ಲ. ಕೆಂಚವ್ವನಿಗೆ ತಲೆ ಕೆಟ್ಟಿತು. ಹಾಗಾದರೆ ಇದು ಗಿಡದ್ದೇ ವಾಸನೆಯೋ ಏನೋ? ಮಣ್ಣಿನ ಅಂಚಿಗೆ ಬಂದು, ಅಂಟದ ಹಾಗೆ ಜೋಪಾನವಾಗಿ, ಯಾರೂ ಮುಟ್ಟದ ಒಂದು ಕೂದಲಿನ ಹನಿಯನ್ನು ಮೂಸಿದಳು. ಅದರಲ್ಲೂ ಇಲ್ಲ. ಹನಿ ಅಚ್ಚ ನೀರಿನ ಹಾಗೆ ನಿರ್ವಾಸನೆ.

ಅಷ್ಟರಲ್ಲಿ ನುಣ್ಣಪ್ಪನಿಗೆ ತಡೆಯಲಾಗಲಿಲ್ಲ. ಜೇಡ ಬೀದಿಗೆ ಬೀಳುವುದನ್ನು ಕಣ್ಣಾರೆ ನೋಡಬೇಕು ಅಂತ ಪಕ್ಕದ ಎಲೆಗೇ ಬಂದು ಕೂತಿದ್ದ. ಬಾಯಿ ಅಗಲಿಸಿ ಕೂಗಿದ.

"ಏನವ್ವಾ ತಡ? ಕಡೀರಿ! ಅವಳ ಕಣ್ಣೀರಿಗೆ ಕರಗಿಬಿಟ್ಟಿರಾ?"

ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು. ಎಲ್ಲ ಇರುವೆಗಳ ಮೀಸೆಯೂ ಒಟ್ಟಿಗೆ ಅವನತ್ತ ತಿರುಗಿತು.

"ನುಣ್ಣಪ್ಪಾ," ಅಂದಳು ಕೆಂಚವ್ವ ಮೆಲ್ಲಗೆ, "ನಿನ್ನ ಬಾಯಿ ಯಾಕೆ ಹುಳಿ ನಾರುತ್ತಿದೆ? ಮೈಯೂ ನಾರುತ್ತಿದೆ. ಈ ಹಿಕ್ಕೆಯ ವಾಸನೆಯೇ."

"ನಾನಾ? ಛೇ ಛೇ! ಈ ಗಿಡದ ಮೇಲೆ ವಾಸ ಅಲ್ವಾ, ಗಿಡದ ವಾಸನೆ ಸ್ವಲ್ಪ ಮೆತ್ತಿಕೊಂಡಿದೆ ಅಷ್ಟೇ."

"ಗಿಡದ ಹನಿಯನ್ನು ಈಗ ತಾನೆ ಮೂಸಿದೆ. ಅದಕ್ಕೆ ವಾಸನೆಯೇ ಇಲ್ಲ. ಪಚ್ಚಕ್ಕ ಹಗಲೂ ರಾತ್ರಿ ಇದೇ ಗಿಡದ ಮೇಲಿದ್ದಾಳೆ. ಅವಳಿಗೆ ಯಾಕೆ ಮೆತ್ತಿಲ್ಲ? ಇದು ಹನಿ ಹೊಟ್ಟೆಗೆ ಹೋದ ಮೇಲೆ ಹುಟ್ಟೋ ವಾಸನೆ ಕಣಯ್ಯ. ನೆಕ್ಕಿದೋನು ನೀನು!"

ನೋಡಿದಿರಾ ಆ ಪುಟ್ಟ ಕೂದಲಿನ ಕರಾಮತ್ತು? ಕಾಲು ಹಿಡಿಯಲು ಅಂಟು ಇಟ್ಟಿತ್ತು. ಅಂಟನ್ನೇ ನೆಕ್ಕುವ ಕಳ್ಳ ಬಂದರೆ? ಅವನಿಗಾಗಿ ಆ ಸಿಹಿಯೊಳಗೇ ಇನ್ನೊಂದು ಏರ್ಪಾಡು. ಹೊರಗೆ ಇರುವವರೆಗೆ ವಾಸನೆ ಇಲ್ಲ. ಹೊಟ್ಟೆ ಸೇರಿತೋ, ಹುಳಿತು ನಾರಲು ಶುರು. ಬಾಯಿಯಲ್ಲಿ, ಬೆವರಿನಲ್ಲಿ, ಹಿಕ್ಕೆಯಲ್ಲಿ, ಎಲ್ಲದರಲ್ಲೂ. ನಾರುವವನಿಗೆ ಮಾತ್ರ ಅದು ತಿಳಿಯುವುದಿಲ್ಲ. ನುಣ್ಣಪ್ಪ ಹುಟ್ಟಿದಂದಿನಿಂದ ಅದೇ ಹನಿ ನೆಕ್ಕಿದವನು, ಅವನ ಪಾಲಿಗೆ ಲೋಕವೇ ಹಾಗೆ ನಾರುತ್ತಿತ್ತು. ಇಷ್ಟನ್ನೆಲ್ಲ ಯೋಚಿಸಿಟ್ಟ ಗಿಡಕ್ಕೆ ತಲೆ ಎಲ್ಲಿತ್ತು ಅಂತ ಕೇಳಿದರೆ, ಸಾಸಿವೆಯ ಕಾಲು ಭಾಗವೂ ಇಲ್ಲದ ಆ ಗುಂಡು ತಲೆಗಳನ್ನೇ ತೋರಿಸಬೇಕು ನಾನು. ಶಹಭಾಸ್ ಅನ್ನದೆ ಇರಲಾರೆ.

ಕತೆಗೆ ಬರೋಣ. ನುಣ್ಣಪ್ಪ ಓಡಲು ನೋಡಿದ. ಕೆಳಗೆ ಹೋಗೋಣ ಅಂದರೆ ಕಾಂಡದ ತುಂಬಾ ಇರುವೆ. ನಿನ್ನೆಯವರೆಗೆ ಒಂದು ಇರುವೆಯೂ ಕಾಲಿಡದಿದ್ದ ಗಿಡ ಅದು! ಅವನು ಹಿಂದೆ ಮುಂದೆ ನೋಡದೆ ತುದಿಯ ಚಿಗುರಿಗೆ ನುಗ್ಗಿದ. ಎಷ್ಟು ದಿನದಿಂದ ಆಸೆಪಟ್ಟಿದ್ದ ಚಿಗುರು. ಯಾರೂ ನೆಕ್ಕದ ಹನಿಗಳು ಅಲ್ಲಿ ಒತ್ತೊತ್ತಾಗಿ ನಿಂತಿದ್ದವು. ನೆಕ್ಕಿ, ಕೂದಲು ಕತ್ತರಿಸಿ, ಆಮೇಲೆ ಕಾಲೂರಬೇಕು. ಇದು ಅವನ ಕ್ರಮ. ಈಗ ಅದಕ್ಕೆ ಪುರುಸೊತ್ತು ಎಲ್ಲಿ? ಮುಂಗಾಲು ಅಂಟಿತು. ಎಳೆದುಕೊಳ್ಳಲು ಹೋದ, ಹೊಟ್ಟೆ ಅಂಟಿತು. ಒದ್ದಾಡಿದಷ್ಟೂ ಸುತ್ತಲಿನ ಕೂದಲ ತಲೆಗಳು ಒಡೆದು ಇನ್ನಷ್ಟು ಅಂಟು ಸುರಿಯಿತು.

ಇರುವೆಗಳು ಅವಸರ ಮಾಡಲಿಲ್ಲ. ಒಂದೊಂದೇ ಮಣ್ಣಿನ ಕಣ ಇಡುತ್ತಾ ಅವನ ತನಕ ಬಂದವು.

"ಅವ್ವಾ, ತಪ್ಪಾಯಿತು! ನೀವು ಮೇಲೆ ಬರೋ ಹಾಗೆ ಮಾಡಿದ್ದೇ ನಾನು! ನಾನು ಹೇಳದಿದ್ದರೆ ಈ ದಾರಿಯೇ ಇರ್ತಿರಲಿಲ್ಲ!" ಅಂತ ಅವನು ಗೋಗರೆದ.

"ಹೌದಪ್ಪಾ," ಅಂದಳು ಕೆಂಚವ್ವ. "ಅದಕ್ಕೇ ಇದೇ ದಾರೀಲಿ ನಿನ್ನನ್ನು ಇಳಿಸಿಕೊಂಡು ಹೋಗ್ತೀವಿ."

ಹೊತ್ತುಕೊಂಡು ಹೋದವು. ಗೂಡಿನೊಳಗೆ ಏನಾಯಿತು ಅಂತ ಕೇಳಬೇಡಿ. ಅವನು ಹೊರಗೆ ಬಂದದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಸಂಜೆಗೆ ಮುಂಚೆ ಕೆಂಚವ್ವ ಒಬ್ಬಳೇ ಮೇಲೆ ಬಂದಳು. ಪಚ್ಚಕ್ಕ ಇನ್ನೂ ಚೀಲ ಬಿಟ್ಟು ಕದಲಿರಲಿಲ್ಲ.

"ಪಚ್ಚಕ್ಕಾ, ತಪ್ಪು ನಂದೂ ಇದೆ. ನನ್ನ ಮೇಲೆ ಕೋಪ ಇದೆಯಾ?"

"ಇದೆ," ಅಂದಳು ಪಚ್ಚಕ್ಕ. "ಇರದೆ ಏನು? ಅವನು ಸುಳ್ಳು ಹೇಳಿದ, ಅದು ಅವನ ಬುದ್ಧಿ. ನೀವು ದೊಡ್ಡವರು. ಮಣ್ಣು ಹೊರೋಕೆ ಮುಂಚೆ ನನ್ನನ್ನು ಒಂದು ಮಾತು ಕೇಳಬೇಕಿತ್ತು. ನನ್ನ ಮಕ್ಕಳು ನಿಮ್ಮ ಹಲ್ಲಿನ ತುದೀಲಿ ಇದ್ದವು ಅವ್ವಾ."

ಕೆಂಚವ್ವ ಕೂಡಲೇ ಕೆಳಗೆ ಹೋದಳು. ಮೇಲಿನಿಂದ ಶುರುಮಾಡಿ ದಾರಿಯನ್ನೆಲ್ಲ ಕಿತ್ತುಹಾಕಿ ಅಂತ ತನ್ನವರಿಗೆ ಹೇಳಿದಳು. ದಾರಿ ಇದ್ದರೆ ನಾಳೆ ಇನ್ನಾರೋ ಹತ್ತಬಹುದು, ಮರಿಗಳಿರುವ ಮನೆ ಅದು. ಅಂಟಿಗೆ ಮೆತ್ತಿದ ಮಣ್ಣು ಸುಲಭಕ್ಕೆ ಬಿಡಲಿಲ್ಲ. ಇಡುವಾಗ ಪಟ್ಟದ್ದಕ್ಕಿಂತ ಕೀಳುವಾಗ ಪಟ್ಟ ಪಾಡೇ ಹೆಚ್ಚು. ಯಜಮಾನಿ ಅಂತ ಕೂರದೆ ಕೆಂಚವ್ವನೂ ಎಲ್ಲರ ಜೊತೆ ಮಣ್ಣು ಕಚ್ಚಿ ಇಳಿಸಿದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಪಚ್ಚಕ್ಕ ಚೀಲಕ್ಕೆ ಹಲ್ಲು ಹಾಕಿ ಹರಿದಳು. ಮೊದಲು ಒಂದು ಮರಿ ತಲೆ ಹೊರಗೆ ಹಾಕಿತು. ಆಮೇಲೆ ಅದರ ಹಿಂದೆ ತಳ್ಳಾಡಿಕೊಂಡು ಉಳಿದವು. ಹುಟ್ಟುತ್ತಲೇ ಉಗುರ ತುದಿಯಲ್ಲಿ ನಿಂತು, ಹೊಳೆಯುವ ಹನಿಗಳ ಸಂದಿಯಲ್ಲಿ ಒಂದಕ್ಕೂ ತಾಗದ ಹಾಗೆ ನಡೆದವು. ಯಾರೂ ಕಲಿಸಿರಲಿಲ್ಲ. ಪಚ್ಚಕ್ಕ ಹೊಟ್ಟೆಗಿಲ್ಲದೆ ಸೊರಗಿದ್ದಳು. ಆದರೂ ಎದ್ದು ನಿಂತು ಎಲೆಯ ಅಂಚಿಗೆ ಬಂದಳು.

"ಕೆಂಚವ್ವಾ," ಅಂತ ಕೆಳಗೆ ಕೂಗಿದಳು, "ಎಲ್ಲವೂ ಬದುಕಿವೆ!"

ಕೆಳಗೆ ಇರುವೆಗಳ ಸಾಲು ನಿಂತಿತು. ಕೆಂಚವ್ವ ತಲೆ ಎತ್ತಿ ಅವಳತ್ತ ಮೀಸೆ ಆಡಿಸಿದಳು.

ನೀತಿ: ನಾವು ಮಾಡಿದ ಕಳ್ಳತನವನ್ನು ಇನ್ನೊಬ್ಬರ ಮನೆಗೆ ಎಸೆದರೂ ಅದರ ಗುರುತು ನಮ್ಮ ಮೈಯಲ್ಲೇ ಉಳಿಯುತ್ತದೆ. ಇನ್ನು ಚಾಡಿ ಕೇಳುವವರು, ಶಿಕ್ಷೆ ಕೊಡಲು ಹೊರಡುವ ಮೊದಲು ಆರೋಪ ಹೊತ್ತವರನ್ನು ಒಂದು ಮಾತು ಕೇಳಬೇಕು.